ಟ್ರ್ಯಾಕ್ಟರ್ ರೆಕಾರ್ಡು ಹಚ್ಚಿದ ಬೇಸಿಗೆ

ಹೋದ ತಿಂಗಳು ಬೆಟಗೇರಿಯ ತಂಗಿಯ ಮನೆಗೆ ಹೋಗಿದ್ದೆ. ಊಟ ಮುಗಿಸಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಾಗ ಅವಳ ಮಗಳು ಸುಮಾ ಫೋನು ಹಿಡಿದುಕೊಂಡು ಬಂದು, “ಮಾಮಾ, ನೀವು ಹೇಳ್ತಿದ್ರಲ್ಲ ಟ್ರ್ಯಾಕ್ಟರ್ ರಿಕಾರ್ಡ, ಇದ ಏನ ನೋಡ್ರಿ” ಎಂದಳು. ನೋಡಿದರೆ ಅದೇ. ಬೋಳು ಹೊಲದ ನಡುವೆ ಕೆಟ್ಟು ನಿಂತ ಕೆಂಪು ಟ್ರ್ಯಾಕ್ಟರು, ಅದರ ಮೇಲೆ ಕೂದಲು ಬಿಟ್ಟುಕೊಂಡು ಕೂತ ನಾಲ್ಕು ಮಂದಿ ಬಿಳಿ ಹುಡುಗರು. ಕೆಳಗೆ ಯಾವುದೋ ದೇಶದ ಯಾರೋ ಒಬ್ಬ ಇಂಗ್ಲಿಷಿನಲ್ಲಿ ಬರೆದಿದ್ದ. ಸುಮಾ ಓದಿ ಅರ್ಥ ಹೇಳಿದಳು. ಇಂಥ ಒಳ್ಳೆಯ ಹಾಡುಗಳನ್ನು ಆ ಕಾಲದಲ್ಲಿ ಯಾರೂ ಕೇಳಲಿಲ್ಲವಂತೆ, ಇದರ ಬೆಲೆ ಗೊತ್ತಿರುವವನು ತಾನೊಬ್ಬನೇ ಅಂತೆ.

ಎಪ್ಪತ್ತರ ಹೊಸ್ತಿಲಲ್ಲಿರುವ ನನಗೆ ಮೈಯೆಲ್ಲ ಉರಿದುಹೋಯಿತು. ತಾನೊಬ್ಬನೇ ಅಂತೆ! ಈ ಮಹಾಶಯ ಎಲ್ಲಿದ್ದನೋ ಏನೋ, ಇದೇ ಬೆಟಗೇರಿಯಲ್ಲಿ ನಾನು ಆ ರೆಕಾರ್ಡನ್ನು ಒಂದೇ ಬೇಸಿಗೆಯಲ್ಲಿ ನೂರು ಸಲವಾದರೂ ಕೇಳಿದ್ದೇನೆ. “ಹಚ್ಚಲೇನ್ರಿ ಮಾಮಾ?” ಎಂದು ಸುಮಾ ಕೇಳಿದಳು. ಬೇಡವೆಂದೆ. ಆ ತಂಡದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಹುಡುಕುತ್ತೀರಿ, ನೀವೂ ಕೇಳುತ್ತೀರಿ, ಆಮೇಲೆ ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚು ಶುರುವಾಗುತ್ತದೆ. ಈ ಗುಣದಿಂದ ನಾನು ಒಮ್ಮೆ ಏನು ಮಾಡಿದೆ ಎಂಬುದನ್ನು ಮಾತ್ರ ಬರೆಯುತ್ತೇನೆ.

ಎಪ್ಪತ್ತೆಂಟನೆಯ ಇಸವಿಯ ಬೇಸಿಗೆ. ನಾನು ಆಗ ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಯುಗಾದಿ ಮುಗಿಯಿತೆಂದರೆ ಲಗ್ನಪತ್ರಿಕೆಗಳ ಸುಗ್ಗಿ. ಮುಳಗುಂದ, ಹೊಂಬಳ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲ ಕಡೆಯ ವಧೂವರರ ಹೆಸರುಗಳು ಮೊದಲು ನನ್ನ ಬೆರಳುಗಳಿಗೆ ಗೊತ್ತಾಗುತ್ತಿದ್ದವು, ಅದೂ ತಿರುಗುಮುರುಗಾದ ಸೀಸದ ಅಕ್ಷರಗಳಲ್ಲಿ. ಎಲ್ಲಿ ಮದುವೆ ಗೊತ್ತಾದರೂ ಸಂಜೆ ಪಕ್ಕದ ಬೆಟಗೇರಿಗೆ ಹೋಗಿ ಖಾದರನಿಗೆ ಹೇಳುತ್ತಿದ್ದೆ. ಖಾದರ ನನ್ನ ಶಾಲೆಯ ಗೆಳೆಯ. ಬೆಟಗೇರಿಯಲ್ಲಿ ಅವನದೊಂದು ಮೈಕ್ ಸೆಟ್ಟಿನ ಅಂಗಡಿ. ನಾನು ಕೊಟ್ಟ ಸುದ್ದಿ ಹಿಡಿದು ಅವನು ಬೀಗರಿಗಿಂತ ಮೊದಲೇ ಮದುವೆ ಮನೆಗೆ ಹೋಗಿ ಮಾತಾಡಿಕೊಂಡು ಬರುತ್ತಿದ್ದ. “ನೀ ಕಾರ್ಡಿನ ಮ್ಯಾಲೆ ಕರಿ, ನಾ ಭೋಂಗಾದಾಗ ಕರೀತೀನಿ” ಎಂದು ನಗುತ್ತಿದ್ದ. ತುತ್ತೂರಿ ಬಾಯಿಯ ಅವನ ದೊಡ್ಡ ಭೋಂಗಾ ಊರಾಚೆಯ ಹೊಲದಲ್ಲಿದ್ದವರಿಗೂ ಕೇಳುತ್ತಿತ್ತು.

ಆ ವರ್ಷ ಹುಬ್ಬಳ್ಳಿಯಲ್ಲಿ ಯಾರೋ ಮೈಕ್ ಸೆಟ್ಟಿನ ಧಂದೆ ಬಿಟ್ಟರೆಂದು ಖಾದರ ಅವರ ರೆಕಾರ್ಡುಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿಕೊಂಡು ಬಂದ. ಸಿನಿಮಾ ಹಾಡು, ದೇವರ ಹಾಡು, ಶಹನಾಯಿ, ಅವುಗಳ ತಳದಲ್ಲಿ ಈ ದೊಡ್ಡ ರೆಕಾರ್ಡು. ಎಪ್ಪತ್ತೆರಡರಲ್ಲಿ ಆದದ್ದೆಂದು ಕವರಿನ ಹಿಂದೆ ಸಣ್ಣ ಅಕ್ಷರಗಳಲ್ಲಿತ್ತು. ಕವರಿನ ಮೇಲೆ ಹಾಡುಗಳ ಸಾಲು ಒಂದು ಥರ, ರೆಕಾರ್ಡಿನ ನಡುವಿನ ಚೀಟಿಯಲ್ಲಿ ಇನ್ನೊಂದು ಥರ ಇದ್ದದ್ದನ್ನು ಮೊದಲು ಹಿಡಿದವನು ನಾನು. ಪ್ರೆಸ್ಸಿನವನ ಕಣ್ಣು. ಆ ದೇಶದಲ್ಲೂ ನನ್ನಂಥವನೊಬ್ಬ ತಪ್ಪು ಮಾಡಿದ್ದಾನೆಂದು ಗೊತ್ತಾಗಿ ಆ ರೆಕಾರ್ಡಿನ ಮೇಲೆ ಒಂದು ನಮೂನೆ ಅಕ್ಕರೆ ಹುಟ್ಟಿತು. ಹೊಂಬಳದ ರೈತರೊಬ್ಬರು ಮಗಳ ಮದುವೆಗೆ ಸೆಟ್ ಹೇಳಲು ಬಂದವರು ಕವರನ್ನು ತಿರುಗಿಸಿ ಮುರುಗಿಸಿ ನೋಡಿ, “ಮುಂದಿನ ಗಾಲಿ ಡೊಂಕ ಆಗೇತ್ರಿ. ಇದು ಹೊಲಾ ಹೊಡಿಯೂದಿಲ್ಲ” ಎಂದು ವಾಪಸು ಕೊಟ್ಟರು. ಅಂದಿನಿಂದ ಅದು ಟ್ರ್ಯಾಕ್ಟರ್ ರೆಕಾರ್ಡಾಯಿತು.

ಖಾದರ ಅದನ್ನು ಹಚ್ಚಿದ ಮೊದಲ ಮಧ್ಯಾಹ್ನ ನನಗೆ ಇನ್ನೂ ನೆನಪಿದೆ. ಹೊರಗೆ ಬಿಸಿಲು ಕಾದ ಹಂಚಿನಂತಿತ್ತು. ಪಕ್ಕದ ಮನೆಯಲ್ಲಿ ಮಗ್ಗ ನಡೆದಿತ್ತು. ಎರಡು ಸಲ ಯಾರೋ ಕಾಲು ಕುಟ್ಟಿದರು, ಗಿಟಾರು ಶುರುವಾಯಿತು, ಹಿಂದೆಯೇ ಡ್ರಮ್ಮು. ಮಗ್ಗದ ಲಾಳಿಯ ಸಪ್ಪಳಕ್ಕೆ ಆ ಡ್ರಮ್ಮು ಪಕ್ಕಾ ಹೊಂದಿಕೊಂಡುಬಿಟ್ಟಿತು. ಹಾಡುವ ದನಿ ಸಣ್ಣಗೆ, ಚುರುಕಾಗಿ, ಹೆಂಗಸಿನದೋ ಹುಡುಗನದೋ ತಿಳಿಯದ ಹಾಗಿತ್ತು. ಒಂದು ಮಾತೂ ಅರ್ಥವಾಗಲಿಲ್ಲ. ಆದರೂ ಕೂತಲ್ಲೇ ನನ್ನ ಮೈ ಹಗುರಾಯಿತು. “ಎಷ್ಟು ಜಲ್ದಿ ಹಾಡ್ತಾರಲೇ” ಎಂದ ಖಾದರ. “ಇಂಗ್ಲಿಷ್ ಮಂದೀಗೆ ಯಾವಾಗಲೂ ಅವಸರ” ಎಂದು ನಾನು ತಿಳಿದವನಂತೆ ಹೇಳಿದೆ.

ಹತ್ತು ಹಾಡುಗಳು. ಮೊದಲ ಬದಿಯ ಮೂರನೆಯದು ನನ್ನ ಪ್ರಾಣ. ಅದರಲ್ಲಿ ನಡುವೆ ಎಲ್ಲ ವಾದ್ಯಗಳೂ ನಿಂತು ಬರೀ ಚಪ್ಪಾಳೆ ಉಳಿಯುತ್ತದೆ, ಆಮೇಲೆ ಒಂದೇ ಏಟಿಗೆ ಎಲ್ಲ ತಿರುಗಿ ಬರುತ್ತವೆ. ಬರುತ್ತವೆ ಎಂದು ಗೊತ್ತಿದ್ದರೂ ಪ್ರತಿ ಸಲ ಎದೆ ಝಲ್ಲೆನ್ನುತ್ತಿತ್ತು. ಎರಡನೆಯ ಬದಿಯ ಕೊನೆಯ ಹಾಡು ಬಹಳ ದೊಡ್ಡದು. ಅರ್ಧದಲ್ಲಿ ಮಾತುಗಳು ಮುಗಿದು ನಾಲ್ವರೂ ಬರೀ ಆಲಾಪದ ಹಾಗೆ ಒಂದೇ ಸ್ವರ ಹಿಡಿದು ಹೋಗುತ್ತಾರೆ. ಅದೂ ನಿಂತ ಮೇಲೆ, ಸೂಜಿ ಒಳಗೆ ಸರಿಯುವ ಮುಂಚೆ, ಯಾರೋ ಕಿಸಕ್ಕನೆ ನಕ್ಕದ್ದು ಕೇಳುತ್ತದೆ. ಆ ನಗುವನ್ನು ಹಿಡಿದದ್ದೂ ನಾನೇ. ಖಾದರನ ಕಿವಿಯನ್ನು ಸ್ಪೀಕರಿನ ಡಬ್ಬಿಯ ಹತ್ತಿರ ಹಿಡಿದು ಕೇಳಿಸಿದೆ. “ಹೌದಲೇ, ನಕ್ಕಾನ!” ಎಂದು ಅವನೂ ನಕ್ಕ. ಇದು ನಮ್ಮಿಬ್ಬರ ಗುಟ್ಟು ಎಂದುಕೊಂಡೆ.

ರೆಕಾರ್ಡು ಖಾದರನದು, ಮಷೀನೂ ಅವನದೇ. ನನ್ನ ಮನೆಯಲ್ಲಿ ರೇಡಿಯೋ ಕೂಡ ಇರಲಿಲ್ಲ. ಹಾಗಾಗಿ ದಿನಾ ಪ್ರೆಸ್ ಬಿಟ್ಟ ಕೂಡಲೇ ಬೆಟಗೇರಿಗೆ ಓಟ. ಅವನು ಮದುವೆಗೆಂದು ಹೊರಗೆ ಹೋಗಿದ್ದರೆ ಬಾಗಿಲಿಗೆ ಬಿದ್ದ ಬೀಗ ನೋಡಿ ಸಿಟ್ಟು ಬರುತ್ತಿತ್ತು. ಒಮ್ಮೆ ಅವನು ಶಿರಹಟ್ಟಿಯ ಒಂದು ಮದುವೆಯಲ್ಲಿ ಟ್ರ್ಯಾಕ್ಟರ್ ರೆಕಾರ್ಡು ಹಚ್ಚಿ, ಹುಡುಗರೆಲ್ಲ ಹಂದರದ ಮುಂದೆ ಕುಣಿದರೆಂದು ಬಂದು ಹೇಳಿದ. ಅವನಿಗೆ ಖುಷಿ, ನನಗೆ ಸಂಕಟ. ಗೊತ್ತಿಲ್ಲದವರು, ಬುಂದಿ ತಿಂದ ಕೈಯಲ್ಲಿ, ನನ್ನ ಮೂರನೆಯ ಹಾಡಿಗೆ ಕುಣಿದರು ಎಂದು ಎರಡು ದಿನ ನಾನು ಅವನ ಅಂಗಡಿಯ ಕಡೆ ಹಾಯಲಿಲ್ಲ. ಖಾದರನಿಗೆ ಕಾರಣ ತಿಳಿಯಲಿಲ್ಲ. ಜ್ವರ ಬಂದಿತ್ತೇನೋ ಎಂದು ಕೇಳಿದ.

ಅದೇ ಮದುವೆಗೆ ಲೋಬೋ ಎಂಬವರೂ ಬಂದಿದ್ದರು. ಮಂಗಳೂರು ಕಡೆಯವರು, ಶಿರಹಟ್ಟಿಯ ಬ್ಯಾಂಕಿಗೆ ಹೊಸದಾಗಿ ಬಂದ ಕಾರಕೂನರು, ನಮ್ಮದೇ ವಯಸ್ಸು. ಭೋಂಗಾದಲ್ಲಿ ಇಂಗ್ಲಿಷ್ ಹಾಡು ಕೇಳಿ ಊಟ ಬಿಟ್ಟು ಎದ್ದು ಬಂದರಂತೆ. ಮುಂದಿನ ಶನಿವಾರ ಬ್ಯಾಂಕು ಅರ್ಧ ದಿನಕ್ಕೆ ಮುಗಿದ ಮೇಲೆ ಬಸ್ಸು ಹತ್ತಿ ಬೆಟಗೇರಿಗೇ ಬಂದರು. ಕಂಕುಳಲ್ಲಿ ಒಂದು ಕೆಂಪು ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಪುಟ್ಟ ರೆಕಾರ್ಡ್ ಪ್ಲೇಯರು.

“ನೀವು ಅದನ್ನು ತಪ್ಪು ಸ್ಪೀಡಲ್ಲಿ ಹಾಕಿದ್ದು ಮಾರಾಯ್ರೆ” ಎಂದರು, ಬಹಳ ನಯವಾಗಿ. “ದೊಡ್ಡ ರೆಕಾರ್ಡು ನಿಮಿಷಕ್ಕೆ ಮೂವತ್ಮೂರು ಸುತ್ತಿನಲ್ಲಿ ಹಾಕುವುದು. ನಿಮ್ಮದು ನಲವತ್ತೈದರಲ್ಲಿ ಓಡ್ತಾ ಉಂಟು.”

ನಿಜವೇ. ಖಾದರನ ಮಷೀನಿನಲ್ಲಿ ಸ್ಪೀಡ್ ಬದಲಿಸುವ ಕಡ್ಡಿ ಮೂವತ್ಮೂರರ ಕಡೆ ಹೊರಳುತ್ತಲೇ ಇರಲಿಲ್ಲ. ಸಿನಿಮಾ ಹಾಡಿನ ಸಣ್ಣ ರೆಕಾರ್ಡುಗಳಿಗೆ ನಲವತ್ತೈದು ಸಾಕಾಗಿತ್ತು, ಹಳೆಯ ದಪ್ಪ ರೆಕಾರ್ಡುಗಳಿಗೆ ಎಪ್ಪತ್ತೆಂಟು. ಮೂರನೆಯದರ ಗೊಡವೆಗೆ ಅವನು ಹೋಗಿರಲೇ ಇಲ್ಲ. ಲೋಬೋ ತಮ್ಮ ಪೆಟ್ಟಿಗೆಯಲ್ಲಿ ರೆಕಾರ್ಡಿಟ್ಟು ಸೂಜಿ ಇಳಿಸಿದರು. ನನ್ನ ಹಾಡಿನ ಹೆಣ್ಣುದನಿ ದಪ್ಪ ಗಂಡಸಿನದಾಯಿತು. ಚುರುಕೆಲ್ಲ ಹೋಗಿ, ದೊಡ್ಡ ದುಃಖದಲ್ಲಿದ್ದವನು ತಡೆದು ತಡೆದು ಹಾಡಿದ ಹಾಗೆ ಕೇಳಿತು. ಪಕ್ಕದ ಮಗ್ಗಕ್ಕೂ ಡ್ರಮ್ಮಿಗೂ ಸಂಬಂಧವೇ ಇರಲಿಲ್ಲ. ಖಾದರ ಮಾತ್ರ ಬಾಯಿ ತೆರೆದು ಕೇಳುತ್ತಿದ್ದ. ಮುಗಿದ ಮೇಲೆ, “ಶೇಖಪ್ಪ, ಖರೆ ಹಾಡು ಇದಲೇ. ನಾವು ಇಷ್ಟು ದಿನ ಅವನ್ನ ಓಡಿಸಿ ಓಡಿಸಿ ದಣಿಸಿದ್ವಿ” ಎಂದ.

“ನನಗ ಓಡೂದ ಚಲೋ ಅನಸ್ತು” ಎಂದೆ.

“ಅದು ಹಾಗಲ್ಲ ಶೇಖಪ್ಪನವರೆ, ಅವರು ಹಾಡಿದ್ದೇ ಹೀಗೆ” ಎಂದರು ಲೋಬೋ.

ಅವರು ಹಾಡಿದ್ದು ಹೇಗಾದರೂ ಇರಲಿ, ಬೆಟಗೇರಿಗೆ ಸರಿಯಾದ ಸ್ಪೀಡು ನಲವತ್ತೈದೇ ಎಂದು ನಾನು ಇವತ್ತಿಗೂ ವಾದ ಮಾಡಬಲ್ಲೆ. ಅಷ್ಟರಲ್ಲಿ ಖಾದರ, ನನ್ನ ಖಾದರ, ಕೊನೆಯ ಹಾಡಿನ ಗುಟ್ಟನ್ನೂ ಅವರಿಗೆ ಒಪ್ಪಿಸಿಬಿಟ್ಟ. “ಇಲ್ಲೆ ಕೇಳ್ರಿ ಸಾಹೇಬ್ರ, ಒಬ್ಬವ ನಗ್ತಾನ.” ಲೋಬೋ ಕಿವಿಯಿಟ್ಟು ಕೇಳಿ, “ನಗು ಅಲ್ಲ, ಕೆಮ್ಮು” ಎಂದರು. ಕೇಳಿದೆ. ಕೆಮ್ಮೇ. ಒಂದು ತಿಂಗಳು ನಾನು ಎದೆಯಲ್ಲಿಟ್ಟುಕೊಂಡು ತಿರುಗಿದ ನಗು ಯಾರದೋ ಗಂಟಲ ಕಫವಾಗಿತ್ತು. ಲೋಬೋ ಕೆಟ್ಟವರಾಗಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಆದರೆ ಅವರು ಒಳ್ಳೆಯವರು. ಹಾಡಿನ ಮಾತುಗಳ ಅರ್ಥ ಬಿಡಿಸಿ ಹೇಳಿದರು. ಊರಿನಿಂದ ತಂದ ಗೋಡಂಬಿಯಲ್ಲಿ ನನಗೂ ಒಂದು ಪೊಟ್ಟಣ ಕೊಟ್ಟರು. ತಿಂದೆ, ರುಚಿ ಹತ್ತಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಕೆಂಪು ಪೆಟ್ಟಿಗೆ ಬರತೊಡಗಿತು. ನಾನು ಅಂಗಡಿಗೆ ಕಾಲಿಡುವ ಹೊತ್ತಿಗೆ ಅವರಿಬ್ಬರೂ ತಲೆಗೆ ತಲೆ ಹಚ್ಚಿ ಕೂತಿರುತ್ತಿದ್ದರು. ಖಾದರ ಗಿಟಾರಿಗೆ ಎಷ್ಟು ತಂತಿ, ಡ್ರಮ್ಮು ಎಷ್ಟು ನಮೂನೆ ಎಂದು ಕೇಳುವುದು, ಲೋಬೋ ಹೇಳುವುದು. ನಾನು ಮಾತು ತೆಗೆದರೆ ಇಬ್ಬರೂ ಮರ್ಯಾದೆಗೆ ಕೇಳುತ್ತಿದ್ದರು. ಹಂಗಿಸಿದ್ದರೆ ಜಗಳವಾದರೂ ಕಾಯಬಹುದಿತ್ತು. ನಾನು ಯಾರ ಮೇಲೆ ಉರಿದುಕೊಳ್ಳುತ್ತಿದ್ದೆ ಎಂದು ಈಗ ಕೇಳಿದರೆ ಸರಿಯಾಗಿ ಹೇಳಲಾರೆ. ರೆಕಾರ್ಡನ್ನು ಕಸಿದದ್ದಕ್ಕೆ ಲೋಬೋ ಮೇಲೋ, ಕೊಟ್ಟದ್ದಕ್ಕೆ ಖಾದರನ ಮೇಲೋ, ಸ್ಪೀಡ್ ಬದಲಾದ ಕೂಡಲೇ ಬೇರೆಯವರದಾಗಿಹೋದ ಆ ಹಾಡುಗಳ ಮೇಲೋ.

ಮೇ ತಿಂಗಳ ಒಂದು ಶುಕ್ರವಾರ ಕೊರ್ಲಹಳ್ಳಿಯ ಫಕೀರಪ್ಪನವರು ಪ್ರೆಸ್ಸಿಗೆ ಬಂದರು. ತುಂಗಭದ್ರೆಯ ದಂಡೆಯ ಮೇಲೆ ಅವರ ಹೊಲ. ಅವರ ಮಗಳು ನೀಲವ್ವನ ಲಗ್ನಪತ್ರಿಕೆಯನ್ನು ತಿಂಗಳ ಹಿಂದೆ ನಾನೇ ಜೋಡಿಸಿದ್ದೆ. ಮದುವೆ ಆ ಭಾನುವಾರವೇ ಇತ್ತು. ಅವರು ಬಂದವರು ಕುರ್ಚಿಯಲ್ಲಿ ಕೂಡ್ರಲಿಲ್ಲ, ಮೊಳೆಯ ಡಬ್ಬಿಗಳ ಪಕ್ಕ ಗೋಡೆಗೆ ಆತು ನಿಂತರು.

“ಸಂಬಂಧ ಮುರೀತ್ರಿ ಶೇಖಪ್ಪ. ಗಂಡಿನವರು ನಿನ್ನೆ ಒಲ್ಲೆ ಅಂತ ಹೇಳಿ ಕಳಿಸಿದ್ರು” ಎಂದರು.

ನಾನು ನೀರು ಕೊಟ್ಟೆ. ಕುಡಿದು, ತಂಬಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು: “ಮುಂಜಾನಿಂದ ಒಬ್ಬೊಬ್ಬರ ಮನೀಗೆ ಹೋಗಿ ಹೇಳಾಕತ್ತೀನಿ. ಅಡಗಿಯವರಿಗೆ ಹೇಳಿದೆ, ಸ್ವಾಮಿಗೋಳಿಗೆ ಹೇಳಿದೆ. ಇನ್ನ ಮೈಕ್ ಸೆಟ್ಟಿನ ಖಾದರಸಾಬರಿಗೆ ಒಂದು ಹೇಳೂದೈತಿ. ಬೆಟಗೇರಿತನಕ ಹೋಗಾಕ ಕಾಲ ಬರವಲ್ಲವು. ನಿಮ್ಮ ದೋಸ್ತರಲ್ಲ, ನೀವ ಹೇಳಿಬಿಡ್ರಿ.”

“ಹೇಳ್ತೀನ್ರಿ. ಅದರ ಚಿಂತಿ ಬಿಡ್ರಿ” ಎಂದೆ.

ಅಂದು ಸಂಜೆ ಪ್ರೆಸ್ಸಿನಲ್ಲಿ ಕೆಲಸ ಮುಗಿಯಲಿಲ್ಲ. ಮರುದಿನ ಶನಿವಾರ ಮಧ್ಯಾಹ್ನ ಬೆಟಗೇರಿಗೆ ನಡೆದೆ. ಹೇಳುವುದಕ್ಕೆಂದೇ ಹೋದೆ, ಇದು ಸತ್ಯ. ಅಂಗಡಿಯಲ್ಲಿ ಕೆಂಪು ಪೆಟ್ಟಿಗೆ ತೆರೆದಿತ್ತು. ಮೂರನೆಯ ಹಾಡು ನಿಧಾನವಾಗಿ ನಡೆದಿತ್ತು. ಲೋಬೋ ಕಾಲು ಅಲ್ಲಾಡಿಸುತ್ತಿದ್ದರು. ಖಾದರ ಕಣ್ಣು ಮುಚ್ಚಿ ಕೂತಿದ್ದ. ನಾನು “ಖಾದರ್” ಎಂದೆ. ಅವನು ಕಣ್ಣು ತೆರೆಯದೆ ಕೈಯೆತ್ತಿದ.

“ತಡಿಯಲೇ, ಇದೊಂದು ಮುಗೀಲಿ.”

ನನ್ನ ಹಾಡಿಗೆ ನನ್ನನ್ನೇ ಸುಮ್ಮನಿರಿಸಿದ. ಹೊಸ್ತಿಲ ಮೇಲೆ ನಿಂತು ಹಾಡು ಮುಗಿಯುವವರೆಗೂ ಕಾದೆ. ಮುಗಿದ ಮೇಲೆ ಅವನು ಬಹಳ ಉಮೇದಿಯಿಂದ ಎದ್ದ. “ನಾಳೆ ಕೊರ್ಲಹಳ್ಳಿ ಮದುವಿ ಒಂದು ಇರಲಿಲ್ಲಂದ್ರ ಇವ್ರ ಕೂಡ ಶಿರಹಟ್ಟಿಗೆ ಹೋಗ್ತಿದ್ದೆ ನೋಡು. ಇವ್ರ ಖೋಲ್ಯಾಗ ಇಂಥವು ಇನ್ನೂ ಹತ್ತು ರಿಕಾರ್ಡ ಅದಾವಂತ. ಇಡೀ ದಿನ ಕೇಳಬಹುದಿತ್ತು.”

“ಇನ್ನೊಂದು ಭಾನುವಾರ ಬನ್ನಿ, ಎಲ್ಲಿಗೆ ಹೋಗ್ತದೆ” ಎಂದರು ಲೋಬೋ.

ನನ್ನ ಬಾಯಲ್ಲಿ ಒಂದೇ ಮಾತಿತ್ತು. ಅದನ್ನು ಹೇಳಿದರೆ ಭಾನುವಾರ ಪೂರ್ತಿ ಅವರದಾಗುತ್ತಿತ್ತು. ಅವರಿಬ್ಬರೂ ಶಿರಹಟ್ಟಿಯ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋಗುವುದು, ತೊಡೆಯ ಮೇಲೆ ಟ್ರ್ಯಾಕ್ಟರ್ ರೆಕಾರ್ಡು, ಎಲ್ಲ ಕಣ್ಣಿಗೆ ಕಟ್ಟಿತು.

“ಏನೋ ಹೇಳಾಕ ಬಂದಿದ್ದೆಲ್ಲ?” ಎಂದ ಖಾದರ.

“ಏನಿಲ್ಲ” ಎಂದೆ.

ಅವನು ನನ್ನ ಮುಖ ನೋಡಿದ. ನಾನು ಮುನಿಸಿಕೊಂಡಿದ್ದೇನೆಂದು ಅವನಿಗೆ ಅಷ್ಟೊತ್ತಿಗೆ ತಿಳಿದಿತ್ತೆಂದು ಕಾಣುತ್ತದೆ. ಹೆಗಲ ಮೇಲೆ ಕೈ ಹಾಕಿ, “ನಾಳೆ ಕೊರ್ಲಹಳ್ಳ್ಯಾಗ ದೇವರ ಹಾಡ ಆದ ಕೂಡ್ಲೆ ಟ್ರ್ಯಾಕ್ಟರ್ ಹಚ್ತೀನಿ. ನಮ್ಮ ಮಷೀನಿನ ಮ್ಯಾಲೆ, ನಿನ್ನ ಸ್ಪೀಡಿನಾಗ. ಆತಿಲ್ಲೋ?” ಎಂದ. ತಲೆಯಾಡಿಸಿ ಮನೆಯ ದಾರಿ ಹಿಡಿದೆ. ಮರೆತೆ ಎಂದು ಬರೆದರೆ ಓದುವವರು ನಂಬಬಹುದು. ನಾನು ಮರೆತಿರಲಿಲ್ಲ. ಭಾನುವಾರ ನಸುಕಿನಲ್ಲಿ ಎದ್ದು ಹಾಸಿಗೆಯ ಮೇಲೆ ಕೂತು, ಖಾದರ ಕೊರ್ಲಹಳ್ಳಿಗೆ ಹೋಗಲು ಹಿಡಿಯುವ ಮುಂಡರಗಿಯ ಮೊದಲ ಬಸ್ಸು ಬಿಡುವ ಹೊತ್ತಾಯಿತು, ಈಗ ಓಡಿದರೂ ಸಿಗುತ್ತಾನೆ ಎಂದುಕೊಂಡೆ. ಬಹಳವೆಂದರೆ ಹೋಗುತ್ತಾನೆ, ಮದುವೆ ಇಲ್ಲವೆಂದು ತಿಳಿಯುತ್ತದೆ, ಬೈದುಕೊಳ್ಳುತ್ತ ವಾಪಸು ಬರುತ್ತಾನೆ, ಶಿರಹಟ್ಟಿಗಂತೂ ಹೋಗುವುದಿಲ್ಲ. ಹೀಗೆ ಲೆಕ್ಕ ಹಾಕಿ ಮತ್ತೆ ಮಲಗಿದೆ.

ಮಂಗಳವಾರ ಫಕೀರಪ್ಪನವರು ಮತ್ತೆ ಪ್ರೆಸ್ಸಿಗೆ ಬಂದರು. ಬೈಯಲು ಬಂದಿದ್ದಾರೆಂದುಕೊಂಡೆ. ಅವರು ಮೆಲ್ಲಗೆ, “ಖಾದರಸಾಬರಿಗೆ ನೀವು ಏನೂ ಅನಬ್ಯಾಡ್ರಿ” ಎಂದರು.

ಮೈಕ್ ಸೆಟ್ಟಿನವರಲ್ಲಿ ಒಂದು ರೂಢಿ ಇತ್ತು. ಊರು ಮುಟ್ಟಿದ ಕೂಡಲೇ ಮದುವೆ ಮನೆಯಲ್ಲಿ ಚಹಾ ಕುಡಿಯುವ ಮೊದಲೇ, ಯಾರನ್ನೂ ಕೇಳದೆ, ಭೋಂಗಾ ಕಟ್ಟಿ ಹಾಡು ಹಚ್ಚಬೇಕು. ಊರಿಗೆಲ್ಲ ಮದುವೆ ಶುರುವಾಯಿತೆಂದು ತಿಳಿಯುವುದು ಹಾಗೆ. ಖಾದರನೂ ಹಾಗೇ ಮಾಡಿದ್ದ. ಹಾಕಿದ ಹಂದರವನ್ನು ಬಿಚ್ಚಲು ಆ ಮನೆಯವರಿಗೆ ಇನ್ನೂ ಮನಸ್ಸು ಬಂದಿರಲಿಲ್ಲ. ಹಂದರ ಕಂಡು ಅವನು ಬೇವಿನ ಗಿಡಕ್ಕೆ ಭೋಂಗಾ ಕಟ್ಟಿ, ಬ್ಯಾಟರಿಗೆ ವಾಯರು ಕೊಟ್ಟು, ದೇವರ ಹಾಡು ಮುಗಿಸಿ ಟ್ರ್ಯಾಕ್ಟರ್ ರೆಕಾರ್ಡು ಹಚ್ಚಿದ.

“ನಾ ಹೊಲದಾಗಿದ್ದೆ, ಓಡಿ ಬಂದೆ” ಎಂದರು ಫಕೀರಪ್ಪನವರು. “ಬರೂದ್ರಾಗ ನೀಲವ್ವ ತಲಿ ಹಿಕ್ಕೊಂಡು, ಹಸಿರು ಸೀರಿ ಉಟ್ಟು ಬಾಗಲದಾಗ ನಿಂತಿದ್ಳ್ರಿ. ಭೋಂಗಾ ಕೇಳಿ ಗಂಡಿನವರು ಮನಸ ಬದಲ ಮಾಡಿ ಬಂದಾರ ಅನಕೊಂಡಾಳ. ಎರಡು ದಿನ ಹಾಸಿಗಿ ಬಿಟ್ಟು ಎದ್ದಿರಲಿಲ್ಲ, ಎದ್ದು ನಿಂತಿದ್ಳು. ಅಪ್ಪಾ, ಬಂದ್ರೇನು, ಅಂತ ಕೇಳಿದ್ಳು.”

ಒಳಗೆ ಮಷೀನು ಯಾರದೋ ಪತ್ರಿಕೆಯನ್ನು ಒಂದೊಂದಾಗಿ ಹಾಕುತ್ತಿತ್ತು.

“ಊರ ಮಂದಿ ಖಾದರಸಾಬರ ಮೈಮ್ಯಾಲೆ ಹ್ವಾದ್ರು. ಶೇಖಪ್ಪನವರು ನಿಮಗ ಹೇಳಲಿಲ್ಲೇನ್ರಿ, ಅಂತ ನಾ ಕೇಳಿದೆ. ಅವ್ರು ಹೇಳಿದ್ರು, ನಾನ ಮರತೆ, ನನ್ನ ತಪ್ಪು, ಅಂತ ನನ್ನ ಕಾಲ ಮುಟ್ಟಿದ್ರು. ನನ್ನ ಮಗಳಿಗೂ ಕೈ ಮುಗದ್ರು. ಮರವು ಯಾರಿಗಿಲ್ರಿ? ನೀವು ಅವ್ರಿಗೆ ಬೈಬ್ಯಾಡ್ರಿ, ಅಷ್ಟು ಹೇಳಿ ಹೋಗೂಣಂತ ಬಂದೆ.”

ಅವರಿಗೆ ಅಲ್ಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಅವರು ಹೋದ ಮೇಲೆ ಮಾಲಕರನ್ನೂ ಕೇಳದೆ ಬೆಟಗೇರಿಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿದೆ. ಖಾದರ ಒಬ್ಬನೇ ಅಂಗಡಿಯಲ್ಲಿ ವಾಯರು ಸುತ್ತುತ್ತಿದ್ದ. ನನ್ನನ್ನು ನೋಡಿದ, ಸುತ್ತುವುದನ್ನು ನಿಲ್ಲಿಸಲಿಲ್ಲ.

“ಫಕೀರಪ್ಪನವರು ಬಂದಿದ್ರು” ಎಂದೆ.

“ಗೊತ್ತಾತು.”

“ಬೈದುಬಿಡು ಖಾದರ್. ಎರಡು ಬಡಿ ಬೇಕಾರ.”

“ಬೈಯಾಕ ನೀ ನನ್ನ ದೋಸ್ತ ಇರಬೇಕಲ್ಲ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ವಾಯರನ್ನು ಗೋಡೆಯ ಮೊಳೆಗೆ ನೇತುಹಾಕಿ, ಮೇಲಿನ ಹಲಗೆಯಿಂದ ಟ್ರ್ಯಾಕ್ಟರ್ ರೆಕಾರ್ಡು ಇಳಿಸಿ, ಕವರಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. “ಆ ಹುಡಿಗಿ ಮಾರಿ ನಾ ನೋಡೀನಿ, ನೀ ನೋಡಿಲ್ಲ. ನನಗ ಇದನ್ನ ಇನ್ನ ಕೇಳಾಕ ಆಗೂದಿಲ್ಲ, ಯಾವ ಸ್ಪೀಡಿನಾಗೂ ಆಗೂದಿಲ್ಲ. ಲೋಬೋ ಅವ್ರಿಗೂ ಬರಬ್ಯಾಡ್ರಿ ಅಂತ ಹೇಳೀನಿ. ನಿನಗ ಬೇಕಾಗಿತ್ತಲ್ಲ, ತಗೋ.”

ಜೋಡಿಸಿಕೊಂಡು ಹೋದ ಮಾತುಗಳನ್ನು ಹೇಳಬಹುದಿತ್ತು. ಬೇಡ ಎನ್ನಬಹುದಿತ್ತು. ಅವನ ಕೈ ಹಿಡಿಯಬಹುದಿತ್ತು. ನನ್ನ ಎರಡೂ ಕೈಗಳು ಮುಂದೆ ಚಾಚಿ ರೆಕಾರ್ಡನ್ನು ಇಸಿದುಕೊಂಡವು. ಅವನು ಒಳಗೆ ಹೋದ. ನಾನು ಅಂಗಡಿ ಇಳಿದು, ಮಗ್ಗದ ಮನೆ ದಾಟಿ, ಓಣಿಯ ತಿರುವಿನಲ್ಲಿ ನಿಂತು ಅದನ್ನು ಕವರಿನಿಂದ ಹೊರಗೆ ತೆಗೆದೆ. ಕೊರ್ಲಹಳ್ಳಿಯ ಗದ್ದಲದಲ್ಲಿ ಗೀರು ಬಿದ್ದಿದೆಯೇನೋ ಎಂದು ಬಿಸಿಲಿಗೆ ಹಿಡಿದು ಎರಡೂ ಬದಿ ನೋಡಿದೆ. ಒಂದೂ ಗೀರಿರಲಿಲ್ಲ. ನನಗೆ ಖುಷಿಯಾಯಿತು.